ಅಣಬೆ ಸಾರು ಮತ್ತು ಬೆಳ್ಳಿ ಚಮಚ

ಹೊಸನಗರ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ಸಕ್ಕರೆ ಕಾಯಿಲೆಯಿರುವ ನಮ್ಮ ಅತ್ತೆಯವರಿಗೆ ಮಳೆ ಹಿಡಿದರೆ ಹುತ್ತದ ಅಣಬೆಯ ಸಾರು ಆಗಲೇಬೇಕು. ಪೇಟೆಯ ಅಣಬೆಯಲ್ಲೇ ಸತ್ವ ಹೆಚ್ಚೆಂದು ಮಗನ ವಾದ. ಸಾರಿಗೆ ಬೆಳ್ಳಿ ಚಮಚ ಅದ್ದಿ, ಅದು ಕಪ್ಪಾಗದಿದ್ದರೆ ವಿಷವಿಲ್ಲವೆಂದು ಉಣ್ಣುತ್ತೇವೆ. ಇದು ಸರಿಯೇ?"

ಮಾನ್ಯರೇ,

ಚಮಚದ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಉಳಿದವು ಅಷ್ಟು ಅವಸರದವಲ್ಲ. ಬೆಳ್ಳಿ ಕಪ್ಪಾಗುವುದು ಗಂಧಕದ ಅಂಶದಿಂದ. ಮೊಟ್ಟೆ ತಾಗಿದರೂ ಕಪ್ಪಾಗುತ್ತದೆ. ಅತಿ ಅಪಾಯದ ಅಣಬೆಗಳಲ್ಲಿರುವ ಅಮಾಟಾಕ್ಸಿನ್ ಎಂಬ ವಿಷವು ಚಮಚದ ಬಣ್ಣವನ್ನು ಕೆಡಿಸುವುದಿಲ್ಲ, ಎಷ್ಟು ಕುದಿಸಿದರೂ ನಾಶವಾಗುವುದಿಲ್ಲ. ಅದನ್ನು ಉಂಡವರಿಗೆ ಸಾಮಾನ್ಯವಾಗಿ 6 ಗಂಟೆ ಕಳೆದ ಮೇಲೆ ವಾಂತಿಭೇದಿ ಆರಂಭವಾಗಿ, ನಡುವೆ ಒಂದು ದಿನ ಗುಣವಾದಂತೆ ತೋರಿ, ಅಷ್ಟರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದಿರುತ್ತದೆ. ಹುಳು ತಿಂದ ಅಣಬೆಯನ್ನು ಮನುಷ್ಯರೂ ತಿನ್ನಬಹುದೆಂಬ ಮಾತೂ ಇಷ್ಟೇ ಪೊಳ್ಳು. ಹಾಗಾಗಿ ಚಮಚವನ್ನು ಪೆಟ್ಟಿಗೆಯಲ್ಲಿಟ್ಟು, ವರ್ಷಾನುಗಟ್ಟಲೆ ಅದೇ ಹುತ್ತದ ಬುಡದಿಂದ ಅದೇ ಅಣಬೆಯನ್ನು ಕಿತ್ತು ತಂದವರ ಕಣ್ಣನ್ನು ಮಾತ್ರ ನಂಬಿ. ಅವರಿಗೂ ಅನುಮಾನ ಬಂದದ್ದನ್ನು ಗೊಬ್ಬರಗುಂಡಿಗೆ ಹಾಕಿ. ಉಂಡ ಮೇಲೆ ಯಾರಿಗಾದರೂ ಹೊಟ್ಟೆ ಕೆಟ್ಟರೆ, ಉಳಿದ ಅಣಬೆಯನ್ನೂ ಹಿಡಿದುಕೊಂಡು ತಡಮಾಡದೆ ಆಸ್ಪತ್ರೆಗೆ ಹೋಗಿ.

ನಿಮ್ಮ ಮಗನ ವಾದದಲ್ಲಿ ಅರ್ಧ ಸತ್ಯವಿದೆ. ಹುತ್ತದ ಅಣಬೆಯ ಕಾಂಡವು ಬೇರಿನಂತೆ ನೆಲದೊಳಕ್ಕೆ ಇಳಿದು, ಗೆದ್ದಲುಗಳು ತಮ್ಮ ಆಹಾರಕ್ಕಾಗಿ ಸಾಕಿಕೊಂಡ ಶಿಲೀಂಧ್ರದ ಗೂಡನ್ನು ಮುಟ್ಟುತ್ತದೆ. ಗೆದ್ದಲಿನ ಹಂಗಿಲ್ಲದೆ ಅದು ಏಳುವುದಿಲ್ಲವಾದ್ದರಿಂದ ಬೇಸಾಯಕ್ಕೆ ಒಗ್ಗಿಲ್ಲ. ನಮ್ಮ ಕಡೆಯ ತೇವದ ಹವೆಗೆ, ಭತ್ತದ ಹುಲ್ಲಿನ ಮೇಲೆ ಸುಲಭವಾಗಿ ಬರುವುದು ಚಿಪ್ಪಣಬೆ. ಪೇಟೆಯದರ ಹೆಚ್ಚುಗಾರಿಕೆ ಸತ್ವದಲ್ಲಿಲ್ಲ, ಅದು ಯಾವ ಅಣಬೆಯೆಂದು ಖಚಿತವಾಗಿ ಗೊತ್ತಿರುವುದರಲ್ಲಿದೆ.

ಸತ್ವದ ಲೆಕ್ಕ ಹೀಗಿದೆ: 100 ಗ್ರಾಂ ಹಸಿ ಅಣಬೆಯಲ್ಲಿ ಸುಮಾರು 90 ಗ್ರಾಂ ನೀರೇ, ಪ್ರೋಟೀನು 3 ಗ್ರಾಂ ಆಸುಪಾಸು, ಕೊಬ್ಬು ಅತ್ಯಲ್ಪ. ಪಿಷ್ಟ ಕಡಿಮೆ, ನಾರು ಸಾಕಷ್ಟು ಇರುವುದರಿಂದ ಸಕ್ಕರೆ ಕಾಯಿಲೆಯವರಿಗೆ ಒಗ್ಗುವ ತರಕಾರಿಯೇ ಸರಿ, ಆದರೆ ಔಷಧವಲ್ಲ. ಇದನ್ನು ನಂಬಿ ಮಾತ್ರೆ ಬಿಡುವಂತಿಲ್ಲ. ಮೂತ್ರಪಿಂಡದ ತೊಂದರೆಯೂ ಇದ್ದರೆ, ಅಣಬೆಯಲ್ಲಿ ಪೊಟ್ಯಾಸಿಯಂ ಇರುವುದರಿಂದ, ವೈದ್ಯರನ್ನು ಕೇಳಿಯೇ ಬಡಿಸಿ. ಹೆಚ್ಚಿದ ಅಣಬೆಯನ್ನು ಬಿಸಿಲಿಗಿಟ್ಟರೆ ಅದರಲ್ಲಿ ಡಿ ಜೀವಸತ್ವ ಹೆಚ್ಚುತ್ತದೆಂಬುದು ನಿಜ. ಆಷಾಢದಲ್ಲಿ ಹೊಸನಗರಕ್ಕೆ ಬಿಸಿಲು ತರುವವರು ಯಾರು ಎಂಬುದು ಬೇರೆ ಮಾತು.

ಅಡುಗೆಗೆ ಬಂದರೆ, ಕೊಡೆಯ ಅಡಿಯ ಪದರಗಳಲ್ಲಿ ಮಣ್ಣು ಸಿಕ್ಕಿರುತ್ತದೆ. ಅರಿಸಿನ ಬೆರೆಸಿದ ನೀರಲ್ಲಿ ಎರಡು ಮೂರು ಸಲ ಬೇಗಬೇಗ ತೊಳೆಯಿರಿ, ನೆನೆಹಾಕಬೇಡಿ. ಕೈಯಲ್ಲೇ ಸೀಳಿ ಬಾಣಲೆಗೆ ಹಾಕಿದರೆ ತಾನಾಗಿ ನೀರು ಬಿಡುತ್ತದೆ. ಬಿ ಗುಂಪಿನ ಜೀವಸತ್ವಗಳು ಆ ನೀರಿಗೆ ಇಳಿದಿರುವುದರಿಂದ ಅದನ್ನು ಬಸಿಯದೆ, ಹುರಿದ ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಕಾಯಿತುರಿ ಅರೆದು ಅದರಲ್ಲೇ ಚೆನ್ನಾಗಿ ಕುದಿಸಿ. ಅತ್ತೆಯವರ ಸಕ್ಕರೆ ಏರಿಸುವುದು ಈ ಸಾರಲ್ಲ, ಅದರ ಜೊತೆಗಿನ ಅಕ್ಕಿ ಕಡುಬು. ಕಡುಬನ್ನು ಒಂದಕ್ಕೆ ನಿಲ್ಲಿಸಿ, ಸಾರನ್ನು ಇನ್ನೊಂದು ಸೌಟು ಬಡಿಸಿ.

— ಸಂ.