ಅಮ್ಮ ಕೇಳಿದ ಸುರಂಗದ ರೈಲು

ಉಡುಪಿಯ ಓದುಗಿಯೊಬ್ಬರು ಬರೆದಿದ್ದಾರೆ: ‘ನನಗೆ 48, ಅಮ್ಮನಿಗೆ 76. ಅವರ ಎಡ ಮೊಣಕಾಲಿಗೆ ಆಪರೇಷನ್ ಆಗಿ ಒಂದು ವರ್ಷವಾಯಿತು. ಬಿಪಿ ಉಂಟು, ನೀರು ಹೋಗುವ ಮಾತ್ರೆಯೂ ಉಂಟು. ಅಪ್ಪ ತೀರಿಕೊಂಡ ಮೇಲೆ ಮನೆ ಬಿಟ್ಟು ಎಲ್ಲಿಗೂ ಹೋಗಿಲ್ಲ. ರಜೆ ಹಾಕಿ ಅವರನ್ನು ರೈಲಿನಲ್ಲೇ ಸುತ್ತಾಡಿಸಿಕೊಂಡು ಬರೋಣ ಅಂತ ಆಸೆ. ಉಡುಪಿಯಿಂದ ಮಡಗಾಂವ್, ಅಲ್ಲಿಂದ ದೂಧ್‌ಸಾಗರ್ ಜಲಪಾತ ನೋಡುತ್ತಾ ಹುಬ್ಬಳ್ಳಿ, ಆಮೇಲೆ ಬೆಂಗಳೂರಿನಲ್ಲಿ ತಮ್ಮನ ಮನೆ, ಅಲ್ಲಿಂದ ಊಟಿಯ ಟಾಯ್ ಟ್ರೇನ್, ಕೊನೆಗೆ ಬೆಂಗಳೂರಿನಿಂದ ರಾತ್ರಿ ಪಂಚಗಂಗಾ ರೈಲಿನಲ್ಲಿ ವಾಪಸ್. ಒಟ್ಟು ಆರು ದಿನ. ಅಮ್ಮನನ್ನು ಕೇಳಿದರೆ “ನಂಗೆಂತಕ್ಕೆ, ಸುಮ್ನೆ ದುಡ್ಡು ದಂಡ” ಅನ್ನುತ್ತಾರೆ. ಒಂದು ಸಲ ಮಾತ್ರ “ನಾನೂ ನಿನ್ನಪ್ಪನೂ ಬೆಂಗಳೂರಿಗೆ ಹೋಗಿದ್ದೆವಲ್ಲ, ಆ ಸುರಂಗದ ರೈಲು ಈಗಲೂ ಉಂಟಾ?” ಅಂತ ಕೇಳಿದರು. ನಮ್ಮ ಪ್ಲಾನ್ ಸರಿ ಉಂಟಾ? ಲೋವರ್ ಬರ್ತ್ ಸಿಗಬೇಕಾದರೆ ಏನು ಮಾಡಬೇಕು?’

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಊರುಗಳ ಪಟ್ಟಿಗೆ ನೀವು ಅರ್ಧ ಪುಟ ಕೊಟ್ಟಿದ್ದೀರಿ. ಅಮ್ಮನ ಪ್ರಶ್ನೆಗೆ ಒಂದೇ ಸಾಲು. ನನಗೆ ಆ ಸಾಲೇ ಇಡೀ ಪತ್ರ ಅನ್ನಿಸಿತು. ಎಲ್ಲದಕ್ಕೂ ಬೇಡ ಅನ್ನುವ ತಾಯಿ ಒಂದು ವಿಷಯ ಮಾತ್ರ ತಾವಾಗಿ ಕೇಳಿದ್ದಾರೆ ಅಂದರೆ, ಅದಕ್ಕೆ ಮೊದಲು ಉತ್ತರ ಕೊಡಬೇಕು ಅಲ್ವಾ?

ಉಂಟು. ಆ ರೈಲು ಈಗಲೂ ಉಂಟು. ಅಮ್ಮ ಹೇಳುತ್ತಿರುವುದು ಮಂಗಳೂರು–ಹಾಸನ ಮಾರ್ಗ. 1979ರಲ್ಲಿ ಮೀಟರ್‌ಗೇಜ್ ಹಳಿಯ ಮೇಲೆ ಶುರುವಾಯಿತು. ಆಗ ಉಡುಪಿಗೆ ರೈಲೇ ಇರಲಿಲ್ಲ. ಕೊಂಕಣ ರೈಲ್ವೆಯ ಮೊದಲ ಗಾಡಿ ಉಡುಪಿಗೆ ಬಂದದ್ದು 1993ರಲ್ಲಿ. ಹಾಗಾಗಿ ನಿಮ್ಮ ಅಪ್ಪ ಅಮ್ಮ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿಯೇ ಆ ರೈಲು ಹತ್ತಿರಬೇಕು. ಆಮೇಲೆ ತೊಂಬತ್ತರ ದಶಕದಲ್ಲಿ ಹಳಿ ಅಗಲಿಸಿ ಬ್ರಾಡ್‌ಗೇಜ್ ಮಾಡಲು ಗಾಡಿ ನಿಲ್ಲಿಸಿದರು. ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ. ನಡುವಿನ ಆ ಹತ್ತು ವರ್ಷಕ್ಕೂ ಜಾಸ್ತಿ ಕಾಲದಲ್ಲಿ ನಮ್ಮ ಕರಾವಳಿಯ ಎಷ್ಟೋ ಜನ ಆ ಮಾರ್ಗವನ್ನು ಮರೆತೇಬಿಟ್ಟರು. ಅಮ್ಮ ಮರೆತಿಲ್ಲ.

ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದ ತನಕ 55 ಕಿ.ಮೀ. ಘಾಟಿ. ಅಷ್ಟರಲ್ಲಿ 57 ಸುರಂಗ, 109 ಸೇತುವೆ. 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರುವಷ್ಟು ಏರು. ರೈಲಿಗೆ ಅದು ದೊಡ್ಡ ಏರು. ಗಾಡಿಗೆ ಹೆಚ್ಚುವರಿ ಎಂಜಿನ್ ಹಚ್ಚುತ್ತಾರೆ. ವೇಗ ಗಂಟೆಗೆ 30 ಕಿ.ಮೀ. ಆಸುಪಾಸು. ಎರಡು ತಾಸಿಗೂ ಜಾಸ್ತಿ ಹೊತ್ತು ಬರೀ ಕಾಡು, ತೊರೆ, ಕತ್ತಲೆ, ಮತ್ತೆ ಬೆಳಕು. ಸಿರಿಬಾಗಿಲು, ಎಡಕುಮೇರಿ, ಕಡಗರವಳ್ಳಿ, ದೋಣಿಗಲ್ ಅಂತ ಪುಟ್ಟ ಪುಟ್ಟ ಸ್ಟೇಷನ್‌ಗಳು. ಈ ಹೆಸರುಗಳನ್ನು ಅಮ್ಮನ ಮುಂದೆ ಒಮ್ಮೆ ಜೋರಾಗಿ ಓದಿ ನೋಡಿ.

ನೀವು ಹಾಕಿದ ಪ್ಲಾನ್‌ನಲ್ಲಿ ಈ ಘಾಟಿ ಬರುತ್ತದೆ. ಆದರೆ ಕೊನೆಯಲ್ಲಿ, ರಾತ್ರಿ ಪಂಚಗಂಗಾದಲ್ಲಿ. ಅಮ್ಮ ನೋಡಬೇಕೆಂದ ಜಾಗವೆಲ್ಲ ಅವರು ಕಂಬಳಿ ಹೊದ್ದು ಮಲಗಿದ್ದಾಗ ದಾಟಿಹೋಗುತ್ತದೆ.

ಆದ್ದರಿಂದ ಆ ಪ್ಲಾನ್ ಬಿಡಿ ಅನ್ನುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ, ತಾಯಿಯ ಮೇಲಿನ ಪ್ರೀತಿಯಿಂದ ಹಾಕಿದ ಪ್ಲಾನ್ ಅದು, ಗೊತ್ತು. ಆದರೆ ವಯಸ್ಸಾದವರಿಗೆ ರೈಲು ಕಷ್ಟವಲ್ಲ, ಸ್ಟೇಷನ್ ಕಷ್ಟ. ಒಳಗೆ ಕೂತ ಮೇಲೆ ಅವರು ನಮಗಿಂತ ಆರಾಮ. ಹತ್ತುವುದು, ಇಳಿಯುವುದು, ಮೇಲ್ಸೇತುವೆ, ಬೋಗಿ ಎಲ್ಲಿ ಬರುತ್ತದೆ ಅಂತ ಓಡುವುದು, ಇದರಲ್ಲೇ ಸುಸ್ತಾಗುತ್ತಾರೆ. ಹಾಗಾಗಿ ಎಷ್ಟು ಊರು ನೋಡುತ್ತೇವೆ ಅಂತ ಲೆಕ್ಕ ಹಾಕಬೇಡಿ. ಅಮ್ಮ ಎಷ್ಟು ಸಲ ಬೋಗಿಯ ಮೆಟ್ಟಿಲು ಹತ್ತಿ ಇಳಿಯಬೇಕು ಅಂತ ಲೆಕ್ಕ ಹಾಕಿ. ನಿಮ್ಮ ಆರು ದಿನದಲ್ಲಿ ಅದು ಹತ್ತು ಸಲಕ್ಕೂ ಮೇಲಾಗುತ್ತದೆ. ನಾನು ಹೇಳುವ ಪ್ಲಾನ್‌ನಲ್ಲಿ ಹೋಗುವಾಗ ಒಮ್ಮೆ ಹತ್ತಿ ಇಳಿದರೆ ಆಯಿತು, ಬರುವಾಗ ಒಮ್ಮೆ.

ಊಟಿಯ ಬಗ್ಗೆ ಒಂದು ಮಾತು. ಮೆಟ್ಟುಪಾಳ್ಯಂನಿಂದ ಊಟಿಗೆ 46 ಕಿ.ಮೀ. ಹತ್ತಲು ಆ ಪುಟ್ಟ ರೈಲಿಗೆ ಐದು ತಾಸಿನಷ್ಟು ಬೇಕು. ಬೋಗಿಯೊಳಗೆ ಶೌಚಾಲಯ ಇಲ್ಲ. ನೀರು ಹೋಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಬೇಡವೇ ಬೇಡ. ದೂಧ್‌ಸಾಗರ್‌ಗೆ ಮಡಗಾಂವ್‌ನಲ್ಲಿ ಗಾಡಿ ಬದಲಿಸಬೇಕು. ಮತ್ತೊಮ್ಮೆ ನೋಡೋಣ.

ಸರಿ, ಈಗ ನನ್ನ ಪ್ಲಾನ್. ಉಡುಪಿಯಿಂದ ಸಕಲೇಶಪುರ. ಅಲ್ಲಿ ಎರಡು ರಾತ್ರಿ. ಅದೇ ದಾರಿಯಲ್ಲಿ ಹಗಲಿನಲ್ಲೇ ವಾಪಸ್. ಇಷ್ಟೇ. ಬೆಂಗಳೂರಿನ ತಮ್ಮ ಸಕಲೇಶಪುರಕ್ಕೆ ಬರಲಿ. ಅವರಿಗೆ ನಾಲ್ಕೈದು ತಾಸಿನ ದಾರಿ. ಅಮ್ಮ ಮಗನ ಮನೆಗೆ ಹೋಗುವ ಬದಲು ಮಗನೇ ಅಮ್ಮನ ರಜೆಗೆ ಬಂದರೆ ಅವರಿಗೆ ಎಷ್ಟು ಖುಷಿಯಾಗಬಹುದು, ಯೋಚಿಸಿ.

ಕಾರವಾರ–ಯಶವಂತಪುರ ಹಗಲಿನ ಎಕ್ಸ್‌ಪ್ರೆಸ್ ಉಡುಪಿಯಲ್ಲೇ ನಿಲ್ಲುತ್ತದೆ. ಮಂಗಳೂರು ಜಂಕ್ಷನ್‌ನಿಂದ ಹೊರಡುವ ಹಗಲಿನ ಗಾಡಿಗಳೂ ಉಂಟು, ಆದರೆ ಅದಕ್ಕೆ ಆ ಸ್ಟೇಷನ್ ಇರುವ ಪಡೀಲಿನ ತನಕ ಕಾರಿನಲ್ಲಿ ಹೋಗಬೇಕು. ಮನೆ ಹತ್ತಿರದ ಸ್ಟೇಷನ್‌ನಲ್ಲೇ ಹತ್ತುವುದು ಒಳ್ಳೆಯದು. ಈ ಗಾಡಿಗಳು ದಿನಾಲೂ ಇಲ್ಲ. ಮೊದಲು ಗಾಡಿಯ ದಿನ ನೋಡಿ, ಆಮೇಲೆ ರೂಮ್ ಬುಕ್ ಮಾಡಿ. ತುಂಬಾ ಜನ ಉಲ್ಟಾ ಮಾಡಿ ಸಿಕ್ಕಿಹಾಕಿಕೊಳ್ಳುತ್ತಾರೆ. ಜೂನ್‌ನಿಂದ ಅಕ್ಟೋಬರ್ ತನಕ ಕೊಂಕಣ ರೈಲ್ವೆಯಲ್ಲಿ ಮಳೆಗಾಲದ ವೇಳಾಪಟ್ಟಿ ಬೇರೆ ಇರುತ್ತದೆ, ಅದನ್ನೂ ಗಮನಿಸಿ.

ಈ ಹಗಲಿನ ಗಾಡಿಗಳಿಗೆ 2021ರಲ್ಲಿ ವಿಸ್ಟಾಡೋಮ್ ಬೋಗಿ ಹಾಕಿದರು. 44 ಸೀಟು, ದೊಡ್ಡ ಕಿಟಕಿ, ಚಾವಣಿಗೂ ಗಾಜು, ಬೇಕಾದ ಕಡೆ ತಿರುಗುವ ಸೀಟು. ಉಡುಪಿಯಿಂದ ಬರುವ ಗಾಡಿ ಮಂಗಳೂರು ಜಂಕ್ಷನ್‌ನಲ್ಲಿ ಎಂಜಿನ್ ಬದಲಿಸಿಕೊಂಡು ಬಂದ ದಿಕ್ಕಿಗೇ ಹೊರಡುತ್ತದೆ. ಆಗ ಸೀಟು ತಿರುಗಿಸಿದರೆ ಆಯಿತು. ಟಿಕೆಟ್ ದುಬಾರಿ. ಹಿರಿಯರಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ರೈಲ್ವೆ 2020ರ ಮಾರ್ಚ್‌ನಲ್ಲೇ ನಿಲ್ಲಿಸಿದೆ. ಆದರೂ ಅಮ್ಮನ ಮೊಣಕಾಲಿಗೆ ಆ ಕಾಲು ಚಾಚುವ ಜಾಗ ಬೇಕು. ಈ ಖರ್ಚು ಮಾಡಿ. ಮಧ್ಯಾಹ್ನದ ಬಿಸಿಲು ಚಾವಣಿಯ ಗಾಜಿನಿಂದ ನೇರ ಮುಖಕ್ಕೆ ಬೀಳುತ್ತದೆ. ಕಣ್ಣಿನ ಪೊರೆ ತೆಗೆಸಿದ್ದರೆ ಕಪ್ಪು ಕನ್ನಡಕ ಇರಲಿ. ಏಸಿ ತಣ್ಣಗಿರುತ್ತದೆ, ಶಾಲು ಇರಲಿ.

ಇದರಲ್ಲಿ ಒಂದು ಕೊರತೆ ಉಂಟು. ಕಿಟಕಿ ತೆರೆಯುವುದಿಲ್ಲ. ನನ್ನ ತಾಯಿಯನ್ನು ಇದೇ ಬೋಗಿಯಲ್ಲಿ ಕರೆದುಕೊಂಡು ಹೋಗಿದ್ದೆ. ಸುಬ್ರಹ್ಮಣ್ಯ ರೋಡ್ ದಾಟಿ ಮೊದಲ ಸುರಂಗ ಬಂದಾಗ ಅವರು ಅಂಗೈಯನ್ನು ಗಾಜಿಗೆ ಒತ್ತಿ ಹಿಡಿದರು. ‘ಗಾಳಿ ಇಲ್ಲ, ಆದರೆ ಕಲ್ಲಿನ ತಂಪು ಬರ್ತದೆ’ ಅಂದರು. ಆಮೇಲೆ ಚೀಲದಿಂದ ಅಡಿಕೆ ಹೋಳಿನ ಡಬ್ಬಿ ತೆಗೆದರು. ಒಂದೊಂದು ಸುರಂಗಕ್ಕೆ ಒಂದೊಂದು ಹೋಳನ್ನು ಮುಚ್ಚಳದೊಳಗೆ ಹಾಕುತ್ತಾ ಹೋದರು. ಇಪ್ಪತ್ತಮೂರರ ಹತ್ತಿರ ಕೆಳಗೆ ಒಂದು ತೊರೆ ಕಂಡಿತು. ಅದನ್ನು ನೋಡುತ್ತಾ ಎರಡು ಸುರಂಗ ತಪ್ಪಿಹೋಯಿತು. ಪಕ್ಕದ ಸೀಟಿನ ಹುಡುಗಿ ಲೆಕ್ಕ ಸರಿ ಮಾಡಿಕೊಟ್ಟಳು. ಕತ್ತಲೆ ಬಂದಾಗಲೆಲ್ಲ ಗಾಜಿನಲ್ಲಿ ಅವರದ್ದೇ ಮುಖ ಕಾಣುತ್ತಿತ್ತು. ಅವರು ಆಗೆಲ್ಲ ಸೆರಗು ಸರಿ ಮಾಡಿಕೊಳ್ಳುತ್ತಿದ್ದರು. ಆ ದಿನದಷ್ಟು ಮಾತಾಡಿದ್ದನ್ನು ನಾನು ಬಹಳ ವರ್ಷದಿಂದ ಕೇಳಿರಲಿಲ್ಲ.

ಆದರೆ ಅದೇ ದಿನ ಬೆಳಿಗ್ಗೆ ನಾನು ಮಾಡಿದ ತಪ್ಪನ್ನು ನೀವು ಮಾಡಬಾರದು. ಬೋಗಿ ಎಲ್ಲಿ ಬರುತ್ತದೆ ಅಂತ ಕೇಳಿಕೊಂಡಿರಲಿಲ್ಲ. ಅದು ಗಾಡಿಯ ಆ ತುದಿಯಲ್ಲಿತ್ತು, ನಾವು ಈ ತುದಿಯಲ್ಲಿದ್ದೆವು. ಉಬ್ಬಸ ಪಡುತ್ತಾ ಅವರು ಪ್ಲಾಟ್‌ಫಾರ್ಮ್ ಉದ್ದಕ್ಕೂ ನಡೆದದ್ದು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಆದ್ದರಿಂದ ಒಂದು ವಾರ ಮೊದಲು, ಅದೇ ಗಾಡಿ ಬರುವ ಹೊತ್ತಿಗೆ, ನೀವೊಬ್ಬರೇ ಉಡುಪಿಯ ಇಂದ್ರಾಳಿಯ ಸ್ಟೇಷನ್‌ಗೆ ಹೋಗಿ ನಿಲ್ಲಿ. ಯಾವ ಪ್ಲಾಟ್‌ಫಾರ್ಮ್‌ಗೆ ಬರುತ್ತದೆ, ವಿಸ್ಟಾಡೋಮ್ ಎಲ್ಲಿ ನಿಲ್ಲುತ್ತದೆ, ಅಮ್ಮ ಕೂತು ಕಾಯಲು ಹತ್ತಿರದಲ್ಲಿ ಬೆಂಚ್ ಉಂಟಾ, ಎಲ್ಲ ಕಣ್ಣಾರೆ ನೋಡಿ. ವೀಲ್‌ಚೇರ್ ಬೇಕು ಅಂತ ಸ್ಟೇಷನ್ ಮಾಸ್ಟರ್ ಹತ್ತಿರ ಅವತ್ತೇ ಹೇಳಿಬನ್ನಿ. ಅಮ್ಮ ಬೇಡ ಅನ್ನುತ್ತಾರೆ, ವೀಲ್‌ಚೇರ್ ಅಂದರೆ ಅವರಿಗೆ ನಾಚಿಕೆ. ‘ದೂರಕ್ಕೆ ಮಾತ್ರ, ಹತ್ತುವುದು ನಿಮ್ಮ ಕಾಲಲ್ಲೇ’ ಅಂತ ಹೇಳಿ ನೋಡಿ. ಗಾಡಿ ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ. ಚೀಲ ಹಿಡಿಯಲು ಬೇರೆ ಒಬ್ಬರನ್ನು ಕರೆದುಕೊಂಡು ಹೋಗಿ. ನಿಮ್ಮ ಎರಡೂ ಕೈ ಅಮ್ಮನಿಗೆ ಬೇಕು.

ಮಾತ್ರೆಯ ವಿಷಯ ಇದಕ್ಕಿಂತ ಮುಖ್ಯ. ನಮ್ಮ ಅಮ್ಮಂದಿರು ಪ್ರಯಾಣ ಅಂದ ಕೂಡಲೇ ಎರಡು ಕೆಲಸ ಮಾಡುತ್ತಾರೆ. ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ, ನೀರು ಹೋಗುವ ಮಾತ್ರೆಯನ್ನು ನಮಗೆ ಹೇಳದೆ ಬಿಟ್ಟುಬಿಡುತ್ತಾರೆ. ಎರಡೂ ಅಪಾಯ. ಆ ದಿನ ಮಾತ್ರೆ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿ. ಅಮ್ಮನ ಎದುರಲ್ಲೇ ಕೇಳಿ, ಡಾಕ್ಟರ್ ಹೇಳಿದರೆ ಅವರು ಕೇಳುತ್ತಾರೆ. ರೈಲು ಹತ್ತಿದ ಕೂಡಲೇ ಕಮೋಡ್ ಇರುವ ಶೌಚಾಲಯ ಎಲ್ಲಿ ಉಂಟು ಅಂತ ನೀವೇ ನೋಡಿ ಬನ್ನಿ. ಘಾಟಿ ಶುರುವಾಗುವ ಮೊದಲು ಒಮ್ಮೆ ಕರೆದುಕೊಂಡು ಹೋಗಿ. ತಿರುವುಗಳಲ್ಲಿ ಬೋಗಿ ಓಲಾಡುತ್ತದೆ, ಆಗ ಎದ್ದು ಹೋಗುವುದು ಕಷ್ಟ. ತಾಸಿಗೊಮ್ಮೆ ಎದ್ದು ನಿಂತು ನಾಲ್ಕು ಹೆಜ್ಜೆ ನಡೆಯಲಿ, ಆಪರೇಷನ್ ಆದ ಕಾಲು ಬಿಗಿಯುವುದಿಲ್ಲ. ಊಟ ಮನೆಯದ್ದೇ ಇರಲಿ. ಮೂಡೆ ಮಾಡಿಕೊಂಡು ಹೋದರೆ ಸಂಜೆ ತನಕ ಕೆಡುವುದಿಲ್ಲ, ಎಲೆ ಬಿಡಿಸಿ ಕೈಗೆ ಕೊಟ್ಟರೆ ಆಯಿತು.

ಲೋವರ್ ಬರ್ತ್ ಹಗಲಿನ ಗಾಡಿಗೆ ಬೇಕಾಗುವುದಿಲ್ಲ. ಆದರೂ ಕೇಳಿದ್ದೀರಿ, ಮುಂದೆ ಉಪಯೋಗಕ್ಕೆ ಬರಬಹುದು. ಹಿರಿಯ ನಾಗರಿಕರ ಕೋಟಾದಲ್ಲಿ ಗಂಡಸರಿಗೆ 60, ಹೆಂಗಸರಿಗೆ 45 ವರ್ಷ ಆಗಿರಬೇಕು. ಒಂದು ಟಿಕೆಟ್‌ನಲ್ಲಿ ಒಬ್ಬರು ಅಥವಾ ಇಬ್ಬರು ಮಾತ್ರ, ಮತ್ತು ಇಬ್ಬರೂ ಆ ವಯಸ್ಸಿನವರೇ ಆಗಿರಬೇಕು. ಹೆತ್ತವರ ಜೊತೆ ಆ ವಯಸ್ಸಾಗದ ಮಕ್ಕಳನ್ನೂ ಒಂದೇ ಟಿಕೆಟ್‌ನಲ್ಲಿ ಸೇರಿಸಿದರೆ ಆ ಕೋಟಾ ಸಿಗುವುದಿಲ್ಲ. ನಿಮಗೆ 48 ಆದ್ದರಿಂದ ನೀವೂ ಅಮ್ಮನೂ ಒಟ್ಟಿಗೆ ಮಾಡಬಹುದು. ತಮ್ಮನನ್ನು ಸೇರಿಸಬೇಡಿ. ಸಾಮಾನ್ಯ ಕೋಟಾದಲ್ಲಿ ಮಾಡುವುದಾದರೆ, ಲೋವರ್ ಬರ್ತ್ ಸಿಕ್ಕಿದರೆ ಮಾತ್ರ ಟಿಕೆಟ್ ಆಗಲಿ ಅನ್ನುವ ಆಯ್ಕೆ ಉಂಟು, ಅದನ್ನು ಒತ್ತಿ.

ಯಾವಾಗ ಹೋಗುವುದು? ಮಳೆಗಾಲದಲ್ಲಿ ಘಾಟಿ ತುಂಬಾ ಚೆಂದ, ಗುಡ್ಡ ಗುಡ್ಡದಲ್ಲೂ ನೀರು ಇಳಿಯುತ್ತದೆ. ಆದರೆ ಗುಡ್ಡವೂ ಇಳಿಯುತ್ತದೆ. 2024ರ ಜುಲೈ ಕೊನೆಗೆ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ಗಾಡಿಗಳೇ ನಿಂತಿದ್ದವು. ಅಮ್ಮನನ್ನು ಕರೆದುಕೊಂಡು ಹೋಗುವಾಗ ಅಂಥ ಸಾಹಸ ಬೇಡ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ನಡುವೆ ಹೋಗಿ. ಹಸಿರು ಇನ್ನೂ ಇರುತ್ತದೆ, ತೊರೆಗಳಲ್ಲಿ ನೀರೂ ಇರುತ್ತದೆ. ಟಿಕೆಟ್ ಬುಕಿಂಗ್ 60 ದಿನ ಮೊದಲು ಶುರುವಾಗುತ್ತದೆ. ಸೀಟು ಕಡಿಮೆ, ತಡ ಮಾಡಬೇಡಿ.

ಸಕಲೇಶಪುರದಲ್ಲಿ ತೋಟದ ಹೋಮ್‌ಸ್ಟೇಗಳು ಎಷ್ಟೋ ಉಂಟು. ಫೋಟೋದಲ್ಲಿ ಬೆಟ್ಟ ತೋರಿಸುತ್ತಾರೆ, ನೀವು ಬಾತ್‌ರೂಮಿನ ಫೋಟೋ ಕೇಳಿ. ಮೆಟ್ಟಿಲು ಎಷ್ಟು, ಕೊನೆಯ ಎರಡು ಕಿಲೋಮೀಟರ್ ಜೀಪಿನ ದಾರಿಯಾ ಅಂತ ಕೇಳಿ. ನೆಲಮಹಡಿ, ಬಿಸಿನೀರು, ಕಾರು ಬಾಗಿಲ ತನಕ ಬರುವ ದಾರಿ, ಇಷ್ಟಿದ್ದರೆ ಸಾಕು. ನಡುವಿನ ದಿನ ಖಾಲಿ ಬಿಡಿ. ಆ ಕೋಟೆ ನೋಡೋಣ, ಈ ದೇವಸ್ಥಾನ ನೋಡೋಣ ಅಂತ ತುಂಬಿಸಬೇಡಿ. ಜಗಲಿಯಲ್ಲಿ ಒಂದು ಕುರ್ಚಿ, ಎದುರಿಗೆ ಕಾಫಿ ತೋಟ, ಪಕ್ಕದಲ್ಲಿ ಮಗ ಮಗಳು. ವಾಪಸ್ ಬರುವಾಗ ಸುಬ್ರಹ್ಮಣ್ಯ ರೋಡ್‌ನಲ್ಲಿ ಇಳಿದು ಕುಕ್ಕೆಗೆ ಹೋಗೋಣ ಅಂತ ನಿಮಗೆ ಅನ್ನಿಸಬಹುದು. ಅದನ್ನು ಅಮ್ಮ ಕೇಳಿದರೆ ಮಾತ್ರ ಮಾಡಿ.

‘ದುಡ್ಡು ದಂಡ’ ಅನ್ನುವ ಮಾತಿಗೆ ವಾದ ಮಾಡಬೇಡಿ. ಟಿಕೆಟ್ ಆದ ಮೇಲೆ ಸುಮ್ನೆ ಅವರ ಪಕ್ಕದಲ್ಲಿ ಕೂತು, ಅಪ್ಪನ ಜೊತೆ ಹೋದ ಆ ಸಲ ಏನೇನಾಯಿತು ಅಂತ ಕೇಳಿ. ಯಾವ ಸೀರೆ ಉಟ್ಟಿದ್ದರು, ಬುತ್ತಿಗೆ ಏನು ಕಟ್ಟಿದ್ದರು, ಅಪ್ಪ ಕಿಟಕಿ ಬಿಟ್ಟುಕೊಟ್ಟರಾ. ಆಮೇಲೆ ಅಡಿಕೆ ಡಬ್ಬಿ ತುಂಬಿಸಿಟ್ಟುಕೊಳ್ಳಿ. ಎಣಿಕೆ 57ಕ್ಕೆ ಮುಟ್ಟಿತಾ ಅಂತ ಬಂದ ಮೇಲೆ ನಮಗೊಂದು ಪತ್ರ ಬರೆಯಿರಿ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

– ಸಂಪಾದಕ