ನಾಟಕಕ್ಕೆ ತೆರಿಗೆ ಇಲ್ಲ, ಜಾಯಿಂಟ್ ವೀಲ್‌ಗೆ ಇದೆ: ಊರ ಕೃಷಿ ಮೇಳದ ಲೆಕ್ಕ

ಪ್ರಶ್ನೆ: ಸರ್, ನಮ್ಮ ರೈತರ ಸಂಘ ವರ್ಷಕ್ಕೊಮ್ಮೆ ಊರಲ್ಲಿ ಮೂರು ದಿನ ಕೃಷಿ ಮೇಳ ಮಾಡುತ್ತದೆ. ಜೋಡೆತ್ತಿನ ಪ್ರದರ್ಶನ, ಬೀಜ, ಗೊಬ್ಬರ, ಟ್ರ್ಯಾಕ್ಟರ್ ಮಳಿಗೆಗಳು ಇರುತ್ತವೆ. ಜನ ಸೇರಲಿ ಅಂತ ರಾತ್ರಿ ಕಂಪನಿ ನಾಟಕ ಇಡುತ್ತೇವೆ, ಟಿಕೆಟ್ 200 ರೂ. ಒಂದು ದಿನ ಆರ್ಕೆಸ್ಟ್ರಾ, ಇನ್ನೊಂದು ದಿನ ಕುಸ್ತಿ. ಪಕ್ಕದ ಹೊಲದಲ್ಲಿ ಜಾಯಿಂಟ್ ವೀಲ್. ಈ ಸಲ ಮೀಟಿಂಗಿನಲ್ಲಿ ಒಬ್ಬರು ‘ಮನರಂಜನೆ ಅಂದಮೇಲೆ ಶೇ 18 ಜಿಎಸ್‌ಟಿ ಕಟ್ಟಲೇಬೇಕು’ ಅಂದರು. ಇನ್ನೊಬ್ಬರು ‘ರೈತರ ಮೇಳಕ್ಕೆ ಎಂಥ ತೆರಿಗೆ’ ಅಂತ ಎದ್ದು ಹೋದರು. ಯಾರು ಸರಿ?
— ಸಂಘದ ಕಾರ್ಯದರ್ಶಿ, ಹಾವೇರಿ ಜಿಲ್ಲೆ

ಉತ್ತರ: ಇಬ್ಬರೂ ತಪ್ಪು. ಎದ್ದು ಹೋದವರು ಸ್ವಲ್ಪ ಜಾಸ್ತಿ ತಪ್ಪು. ಮೇಳ ರೈತರದೋ ವ್ಯಾಪಾರಿಗಳದೋ ಅಂತ ಜಿಎಸ್‌ಟಿ ಕೇಳುವುದಿಲ್ಲ. ಅದು ಕೇಳುವುದು ಎರಡೇ: ಯಾವುದಕ್ಕೆ ದುಡ್ಡು ತೆಗೆದುಕೊಂಡಿರಿ, ಆ ದುಡ್ಡು ಯಾರ ಹೆಸರಿಗೆ ಬಂತು.

ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ. ಸರ್ಕಸ್, ನೃತ್ಯ, ನಾಟಕ, ಸಂಗೀತ ಕಾರ್ಯಕ್ರಮ, ಆಟೋಟ, ಇವುಗಳ ಪ್ರವೇಶಕ್ಕೆ ಒಬ್ಬರಿಗೆ 500 ರೂ. ಮೀರದಂತೆ ತೆಗೆದುಕೊಂಡರೆ ಜಿಎಸ್‌ಟಿ ವಿನಾಯಿತಿ ಇದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಈ ಮಿತಿ 250 ಇತ್ತು. 2018ರ ಜನವರಿ 25ರಿಂದ 500 ಆಯಿತು. ನಿಮ್ಮ 200 ರೂಪಾಯಿಯ ನಾಟಕ ಇದರೊಳಗೆ ಬಂತು. ಆರ್ಕೆಸ್ಟ್ರಾ ಸಂಗೀತ ಕಾರ್ಯಕ್ರಮ, ಅದೂ ಬಂತು. ಕುಸ್ತಿ ಆಟೋಟ, ಅದೂ ಬಂತು.

ಆದರೆ ಒಂದು ಕಡೆ ಎಡವಬೇಡಿ. ಆರ್ಕೆಸ್ಟ್ರಾ ರಾತ್ರಿ ಮುಂದಿನ ಸಾಲಿಗೆ ಸೋಫಾ ಹಾಕಿ 600 ರೂ. ಟಿಕೆಟ್ ಮಾಡುವ ಚಟ ಈಗ ಎಲ್ಲ ಕಡೆ ಇದೆ. ಆ ಸೋಫಾ ಟಿಕೆಟ್ಟಿಗೆ ವಿನಾಯಿತಿ ಇಲ್ಲ. ಮೇಲಿನ 100 ರೂಪಾಯಿಗೆ ಮಾತ್ರ ತೆರಿಗೆ ಅಂದುಕೊಳ್ಳುತ್ತಾರೆ, ಹಾಗಲ್ಲ, ಪೂರ್ತಿ 600ಕ್ಕೆ ಬೀಳುತ್ತದೆ. ಹಿಂದಿನ ಚಾಪೆಯವರ 200 ರೂ. ಟಿಕೆಟ್ ಮಾತ್ರ ಹಾಗೇ ಉಳಿಯುತ್ತದೆ.

ಇನ್ನು ಜಾಯಿಂಟ್ ವೀಲ್. (ಇಂಗ್ಲಿಷ್ ಬಲ್ಲವರು ನಗಬಹುದು. ಊರೆಲ್ಲ ಹಾಗೇ ಅನ್ನುತ್ತದೆ, ನಾನೂ ಹಾಗೇ ಬರೆಯುತ್ತೇನೆ.) ಅದು ನಾಟಕವೂ ಅಲ್ಲ, ಸರ್ಕಸ್ಸೂ ಅಲ್ಲ. ತಿರುಗುವ ಕುದುರೆ, ಕೊಲಂಬಸ್, ಜಾಯಿಂಟ್ ವೀಲ್ ಎಲ್ಲ ಶೇ 18ರ ಗುಂಪು. ಮೊದಲು ಶೇ 28 ಇತ್ತು, ಅದೇ 2018ರ ಜನವರಿಯಲ್ಲಿ ಇಳಿಯಿತು. ಟಿಕೆಟ್ 30 ರೂಪಾಯಿಯೇ ಇರಲಿ, 500ರ ವಿನಾಯಿತಿ ಇದಕ್ಕೆ ಸಿಗುವುದಿಲ್ಲ.

ಹಾಗಾದರೆ ಆ ಶೇ 18 ಯಾರು ಕಟ್ಟಬೇಕು? ಇಲ್ಲಿ ಟಿಕೆಟ್ ಕೈಯಲ್ಲಿ ಹಿಡಿದು ನೋಡಬೇಕು. ಒಂದು ಊರಿನ ಸಮಿತಿಯವರು ಹಳೆಯ ಟಿಕೆಟ್ ಪುಸ್ತಕ ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದರು. ಗುಲಾಬಿ ಬಣ್ಣದ ತೆಳು ಕಾಗದ. ಮೇಲೆ ದಪ್ಪಕ್ಷರದಲ್ಲಿ ಸಂಘದ ಹೆಸರು, ಕೆಳಗೆ ‘ಜಾಯಿಂಟ್ ವೀಲ್ 30 ರೂ.’ ಅಂತ ಮುದ್ರೆ. ನಾಟಕದ ಟಿಕೆಟ್ ಅಚ್ಚು ಹಾಕಿಸುವಾಗ ಅದನ್ನೂ ಅದೇ ಪ್ರೆಸ್ಸಿನಲ್ಲಿ, ಅದೇ ಹೆಸರಿನಲ್ಲಿ ಹಾಕಿಸಿಬಿಟ್ಟಿದ್ದರು. ವಾಸ್ತವದಲ್ಲಿ ವೀಲ್ ಬೇರೆಯವರದು, ಗಲ್ಲಾದಲ್ಲಿ ಕೂತವರೂ ಅವರ ಕಡೆಯವರೇ. ಸಂಘಕ್ಕೆ ಬರುತ್ತಿದ್ದದ್ದು ಬರೀ ಜಾಗದ ಬಾಡಿಗೆ. ಆದರೆ ಕಾಗದದ ಮೇಲೆ ಓಡಿಸುತ್ತಿರುವವರು ಸಂಘದವರು! ಇಂಥ ಟಿಕೆಟ್ ಅಧಿಕಾರಿ ಕೈಗೆ ಸಿಕ್ಕರೆ ‘ನಮಗೆ ಬಂದಿದ್ದು ಬಾಡಿಗೆ ಮಾತ್ರ ಸಾಹೇಬರೇ’ ಅಂತ ನಂಬಿಸುವುದು ಕಷ್ಟ.

ಹಾಗಾಗಿ ವೀಲ್‌ನವರ ಟಿಕೆಟ್ ಅವರ ಹೆಸರಿನಲ್ಲೇ ಇರಲಿ. ಜಾಗಕ್ಕೆ ಇಷ್ಟು ದುಡ್ಡು ಅಂತ ಒಂದು ಪುಟದ ಕರಾರು ಬರೆಸಿಕೊಳ್ಳಿ. ಆಗ ತೆರಿಗೆ ಅವರ ಹೊಣೆ. ಅವರು ಬೇರೆ ರಾಜ್ಯದವರಾಗಿದ್ದು ಇಲ್ಲಿ ಕಾಯಂ ಜಾಗ ಇಲ್ಲದಿದ್ದರೆ ‘ಕ್ಯಾಶುವಲ್ ಟ್ಯಾಕ್ಸಬಲ್ ಪರ್ಸನ್’ ಅಂತ ನೋಂದಣಿ ಮಾಡಿಸಬೇಕು. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಮಾತ್ರ ನೋಂದಣಿ ಅನ್ನುವ ಮಿತಿ ಅವರಿಗೆ ಅನ್ವಯಿಸುವುದಿಲ್ಲ. ವ್ಯಾಪಾರ ಶುರುವಾಗುವ 5 ದಿನ ಮೊದಲೇ ಅರ್ಜಿ ಹಾಕಬೇಕು. ಅಂದಾಜು ತೆರಿಗೆಯನ್ನು ಮುಂಗಡ ಕಟ್ಟಬೇಕು. ಆ ನೋಂದಣಿ ಒಂದು ಸಲಕ್ಕೆ ಹೆಚ್ಚೆಂದರೆ 90 ದಿನ ನಡೆಯುತ್ತದೆ. ಅದರ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ.

ಒಂದೇ ಟಿಕೆಟ್ಟಿನಲ್ಲಿ ಎಲ್ಲ ಸೇರಿಸುವ ಐಡಿಯಾ ಯಾರಾದರೂ ಕೊಟ್ಟರೆ ಬೇಡ ಅನ್ನಿ. 150 ರೂ. ಕೊಟ್ಟರೆ ನಾಟಕವೂ ಉಂಟು, ವೀಲೂ ಉಂಟು ಅಂತ ಮಾಡಿದರೆ ಅದು ಕಾನೂನಿನ ಭಾಷೆಯಲ್ಲಿ ‘ಮಿಶ್ರ ಪೂರೈಕೆ’. ಅದರೊಳಗೆ ಯಾವುದಕ್ಕೆ ದರ ಹೆಚ್ಚೋ ಅದೇ ದರ ಪೂರ್ತಿ ಮೊತ್ತಕ್ಕೆ ಬೀಳುತ್ತದೆ. ವಿನಾಯಿತಿ ಇದ್ದ ನಾಟಕವನ್ನು ನೀವೇ ಕೈಯಾರೆ ಶೇ 18ಕ್ಕೆ ತಳ್ಳಿದ ಹಾಗೆ.

ನೀವು ಕೇಳದೇ ಬಿಟ್ಟ ವಿಷಯವೇ ನಿಜವಾದ ತೊಡಕು. ಮಳಿಗೆ ಬಾಡಿಗೆ.

ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಅಂತ ಎಲ್ಲರಿಗೂ ಗೊತ್ತು. ಆ 20 ಲಕ್ಷದೊಳಗೆ ವಿನಾಯಿತಿ ಇರುವ ದುಡ್ಡೂ ಸೇರುತ್ತದೆ ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ. ಲೆಕ್ಕ ಹಾಕೋಣ. ನಾಟಕ, ಆರ್ಕೆಸ್ಟ್ರಾ, ಕುಸ್ತಿ ಸೇರಿ ಟಿಕೆಟ್ ದುಡ್ಡು 14 ಲಕ್ಷ ಬಂತು ಅಂದುಕೊಳ್ಳಿ. ಮಳಿಗೆಗಳಿಂದ 7 ಲಕ್ಷ. ಟಿಕೆಟ್ಟಿಗೆ ತೆರಿಗೆ ಇಲ್ಲ, ಮಳಿಗೆ 7 ಲಕ್ಷ 20ರ ಒಳಗೇ ಇದೆ, ನಾವು ಸೇಫ್ ಅಂತ ಸಮಿತಿ ಕೂತಿರುತ್ತದೆ. ಕಾನೂನು ಎರಡನ್ನೂ ಕೂಡಿಸುತ್ತದೆ: 21 ಲಕ್ಷ. ಮಿತಿ ದಾಟಿತು. 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ಅಲ್ಲಿಂದ ಮುಂದೆ ಬರುವ ಮಳಿಗೆ ದುಡ್ಡಿಗೆ ಶೇ 18. ಮುಂದಿನ ವರ್ಷವೂ 7 ಲಕ್ಷ ಬಂದರೆ 1,26,000 ರೂ. ತೆರಿಗೆ. ಬರೀ ವಿನಾಯಿತಿಯ ಟಿಕೆಟ್ಟನ್ನೇ ಮಾರಿ, ಒಂದೂ ಮಳಿಗೆ ಕೊಡದೇ ಇದ್ದಿದ್ದರೆ 21 ಲಕ್ಷವಲ್ಲ, 50 ಲಕ್ಷ ಬಂದರೂ ನೋಂದಣಿ ಬೇಕಿರಲಿಲ್ಲ.

ಸಂಘಕ್ಕೆ ಮೇಳದಿಂದಾಚೆ ಆದಾಯ ಇದ್ದರೆ, ಉದಾಹರಣೆಗೆ ಸಮುದಾಯ ಭವನದ ಬಾಡಿಗೆಯೋ ಟ್ರ್ಯಾಕ್ಟರ್ ಬಾಡಿಗೆಯೋ, ಅದೂ ಇದೇ ಲೆಕ್ಕಕ್ಕೆ ಬರುತ್ತದೆ. ಒಂದೇ ಪ್ಯಾನ್, ಒಂದೇ ಆರ್ಥಿಕ ವರ್ಷ.

ನೋಂದಣಿ ಇಲ್ಲದ ಸಂಘಕ್ಕೂ ಒಂದು ಮಾತು. ಖಾಲಿ ಜಾಗವನ್ನು ಬಾಡಿಗೆಗೆ ಕೊಟ್ಟಿದ್ದೀರಿ, ತೆಗೆದುಕೊಂಡ ಟ್ರ್ಯಾಕ್ಟರ್ ಡೀಲರ್ ಜಿಎಸ್‌ಟಿ ನೋಂದಣಿ ಇರುವವರು. 2024ರ ಅಕ್ಟೋಬರ್ 10ರಿಂದ ಅಂಥ ಬಾಡಿಗೆಯ ತೆರಿಗೆಯನ್ನು ಬಾಡಿಗೆದಾರರೇ ರಿವರ್ಸ್ ಚಾರ್ಜ್ ಅಂತ ಕಟ್ಟಬೇಕು. ಡೀಲರ್ ಕಡೆಯ ಅಕೌಂಟೆಂಟ್ ಫೋನ್ ಮಾಡಿ ಕಾಗದ ಕೇಳಿದರೆ ಗಾಬರಿ ಬೀಳಬೇಡಿ.

ಪ್ರದರ್ಶನ ನೋಡಲು 20 ರೂ. ಪ್ರವೇಶ ಟಿಕೆಟ್ ಇಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ವಸ್ತು ಪ್ರದರ್ಶನ ಆ 500 ರೂಪಾಯಿ ವಿನಾಯಿತಿಯ ಪಟ್ಟಿಯಲ್ಲಿ ಇಲ್ಲ. ರೈತರಿಗೆ ತರಬೇತಿ, ಕೃಷಿ ತಿಳಿವಳಿಕೆ ಕೊಡುವ ಸೇವೆಗೆ ಬೇರೆ ವಿನಾಯಿತಿ ಇದೆ. ಅದರೊಳಗೆ ಇದನ್ನು ಸೇರಿಸಲು ವಾದ ಮಾಡಬಹುದು, ಆದರೆ 20 ರೂಪಾಯಿಗೋಸ್ಕರ ವಾದ ಯಾಕೆ? ಎತ್ತು, ಬೀಜ, ಯಂತ್ರ ನೋಡಲು ಪುಕ್ಕಟೆ ಬಿಡಿ. ದುಡ್ಡು ನಾಟಕದಲ್ಲಿ ಮಾಡಿ.

ಪ್ರಶ್ನೆ: ಮೇಳಕ್ಕೆ ಒಂದು ಗೊಬ್ಬರ ಕಂಪನಿ 2 ಲಕ್ಷ ಕೊಡುತ್ತೇನೆ, ವೇದಿಕೆ ಮೇಲೆ ಬ್ಯಾನರ್ ಕಟ್ಟಿ ಅನ್ನುತ್ತಿದೆ. ಊರಿನ ಹಿರಿಯರೊಬ್ಬರು ತಂದೆ ನೆನಪಿಗೆ 50 ಸಾವಿರ ಕೊಟ್ಟಿದ್ದಾರೆ. ಎರಡಕ್ಕೂ ತೆರಿಗೆ ಇದೆಯಾ?
— ಮೇಳ ಸಮಿತಿ ಖಜಾಂಚಿ, ಗದಗ ಜಿಲ್ಲೆ

ಉತ್ತರ: ಎರಡೂ ಒಂದೇ ಅಲ್ಲ. ಹಿರಿಯರದು ದಾನ. ಅವರ ಹೆಸರನ್ನು ಕೃತಜ್ಞತೆಗೆ ಬೋರ್ಡಿನಲ್ಲಿ ಬರೆದರೂ ಅದು ದಾನವೇ. ವ್ಯಕ್ತಿಗಳು ಧರ್ಮಾರ್ಥ ಸಂಸ್ಥೆಗೆ ಕೊಟ್ಟ ದುಡ್ಡಿನ ಬಗ್ಗೆ ಕೇಂದ್ರ ತೆರಿಗೆ ಮಂಡಳಿ 2019ರ ಅಕ್ಟೋಬರ್‌ನಲ್ಲಿ ಸುತ್ತೋಲೆಯನ್ನೇ ಹೊರಡಿಸಿದೆ. ಹೆಸರು ಹಾಕಿದ್ದು ನೆನಕೆಗೆ ಮಾತ್ರ, ಅದರಲ್ಲಿ ವ್ಯಾಪಾರದ ಪ್ರಚಾರ ಇಲ್ಲ ಅಂದರೆ ಜಿಎಸ್‌ಟಿ ಇಲ್ಲ. ‘ದಿವಂಗತ ಇಂಥವರ ಸ್ಮರಣಾರ್ಥ’ ಅಂತ ಬರೆಯಿರಿ ಸಾಕು. ಕೆಳಗೆ ಅವರ ಅಂಗಡಿ ಹೆಸರು, ಮೊಬೈಲ್ ನಂಬರ್ ಸೇರಿಸಿದರೆ ಕಥೆ ಬೇರೆ ಆಗುತ್ತದೆ.

ಗೊಬ್ಬರ ಕಂಪನಿಯದು ಪ್ರಾಯೋಜಕತ್ವ, ಬ್ಯಾನರ್‌ಗೆ ಕೊಟ್ಟ ದುಡ್ಡು. ತೆರಿಗೆ ಇದೆ. ಕಂಪನಿ ರೂಪದಲ್ಲಿಲ್ಲದ ಸಮಿತಿ ನಿಮ್ಮದಾಗಿದ್ದರೆ, ಆ ತೆರಿಗೆಯನ್ನು ಪ್ರಾಯೋಜಕ ಕಂಪನಿಯೇ ರಿವರ್ಸ್ ಚಾರ್ಜ್‌ನಲ್ಲಿ ಕಟ್ಟುತ್ತದೆ. ರಸೀದಿಯಲ್ಲಿ ‘ದೇಣಿಗೆ’ ಅಂತ ಬರೆಯಬೇಡಿ. ಬ್ಯಾನರಿನ ಫೋಟೊ ಅವರ ಫೇಸ್‌ಬುಕ್ ಪುಟದಲ್ಲೇ ಇರುತ್ತದೆ.

ಪ್ರಶ್ನೆ: ನಾಟಕದ ಪ್ರತಿ ಆಟಕ್ಕೆ ಇಷ್ಟು ಅಂತ ಪಂಚಾಯಿತಿಯವರು ಮನರಂಜನೆ ತೆರಿಗೆ ಕೇಳುತ್ತಿದ್ದಾರೆ. ಜಿಎಸ್‌ಟಿ ಬಂದ ಮೇಲೆ ಮನರಂಜನೆ ತೆರಿಗೆಯೇ ಹೋಯಿತಲ್ಲ?
— ಓದುಗರು, ಬಾಗಲಕೋಟೆ ಜಿಲ್ಲೆ

ಉತ್ತರ: ಹೋಗಿದ್ದು ರಾಜ್ಯ ಸರ್ಕಾರದ ತೆರಿಗೆ. ಪಂಚಾಯಿತಿಯದು ಉಳಿದಿದೆ.

ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಮನರಂಜನೆ ತೆರಿಗೆ ಯುದ್ಧದ ಕೂಸು. ಮೊದಲ ಮಹಾಯುದ್ಧದ ಖರ್ಚಿಗೆ ಬ್ರಿಟನ್ 1916ರಲ್ಲಿ ಶುರು ಮಾಡಿತು. ಅಲ್ಲಿಂದ ಇಲ್ಲಿಗೆ ಬಂತು: 1922ರಲ್ಲಿ ಬಂಗಾಳ, 1923ರಲ್ಲಿ ಬಾಂಬೆ, 1939ರಲ್ಲಿ ಮದ್ರಾಸ್. ನಮ್ಮ ರಾಜ್ಯದ ಕಾಯ್ದೆ 1958ರದು. ಬ್ರಿಟನ್ನಿನವರು 1960ರಲ್ಲಿ ಅದನ್ನು ಕೈಬಿಟ್ಟರು. ನಾವು 2017ರ ಜುಲೈ 1ರವರೆಗೆ ಇಟ್ಟುಕೊಂಡೆವು.

ಜಿಎಸ್‌ಟಿಗಾಗಿ ಸಂವಿಧಾನಕ್ಕೆ 101ನೇ ತಿದ್ದುಪಡಿ ಮಾಡಿದಾಗ ರಾಜ್ಯ ಪಟ್ಟಿಯ 62ನೇ ನಮೂದನ್ನು ಬದಲಿಸಿದರು. ಮನರಂಜನೆ ಮೇಲಿನ ತೆರಿಗೆಯನ್ನು ಪೂರ್ತಿ ಅಳಿಸಲಿಲ್ಲ. ಪಂಚಾಯಿತಿ, ಪುರಸಭೆಯಂಥ ಸ್ಥಳೀಯ ಸಂಸ್ಥೆಗಳು ಹಾಕಿ ವಸೂಲಿ ಮಾಡುವಷ್ಟನ್ನು ಬಿಟ್ಟರು. ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಕಲಮಿನಲ್ಲಿ ಸಿನಿಮಾ ಬಿಟ್ಟು ಉಳಿದ ಮನರಂಜನೆಗೆ ತೆರಿಗೆ ಹಾಕುವ ಅಧಿಕಾರ ಗ್ರಾಮ ಪಂಚಾಯಿತಿಗೆ ಇದೆ. ಅಂದರೆ ದಿಲ್ಲಿಯ ಲೆಕ್ಕದಲ್ಲಿ ವಿನಾಯಿತಿ ಇರುವ ನಾಟಕಕ್ಕೆ ಊರಿನ ಪಂಚಾಯಿತಿ ತೆರಿಗೆ ಕೇಳಬಹುದು. ವಿಚಿತ್ರ ಅನ್ನಿಸುತ್ತದೆ, ಅಲ್ವಾ? ನನಗೆ ಇದರಲ್ಲಿ ಆಕ್ಷೇಪ ಇಲ್ಲ. ಮೇಳ ಮುಗಿದ ಮರುದಿನ ಕಸ ಎತ್ತಿಸುವುದು, ನೀರು ಬಿಡಿಸುವುದು ಪಂಚಾಯಿತಿಯೇ ತಾನೇ.

ಆದರೆ ಬಾಯಿಮಾತಿಗೆ ಕೊಡಬೇಡಿ. ದರಕ್ಕೆ ಕಾಯ್ದೆಯ ಪರಿಶಿಷ್ಟದಲ್ಲಿ ಮಿತಿ ಇದೆ. ಪಂಚಾಯಿತಿ ಸಭೆಯ ನಿರ್ಣಯದ ಪ್ರತಿ ಕೇಳಿ. ರಸೀದಿ ಇಲ್ಲದೆ ಒಂದು ರೂಪಾಯಿಯೂ ಬೇಡ. ರಸೀದಿ ಪುಸ್ತಕ ಆಫೀಸಲ್ಲಿ ಮರೆತು ಬಂದೆ ಅಂದರೆ, ದುಡ್ಡು ನಾವೂ ಮನೆಯಲ್ಲಿ ಮರೆತು ಬಂದೆವು ಅನ್ನಿ.

ಇನ್ನೊಂದು ದಾರಿಯೂ ಇದೆ. ಮೇಳವನ್ನು ಗ್ರಾಮ ಪಂಚಾಯಿತಿಯೇ ನಡೆಸಲಿ. ‘ಮಾರುಕಟ್ಟೆ ಮತ್ತು ಜಾತ್ರೆಗಳು’, ‘ಸಾಂಸ್ಕೃತಿಕ ಚಟುವಟಿಕೆ’, ‘ಕೃಷಿ’ ಈ ಮೂರೂ ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಇವೆ. ಪಂಚಾಯಿತಿಗೆ ವಹಿಸಿದ ಇಂಥ ಕೆಲಸವನ್ನು ಅದು ಸಾರ್ವಜನಿಕ ಸಂಸ್ಥೆಯಾಗಿ ಮಾಡಿದರೆ ಅದು ಜಿಎಸ್‌ಟಿ ವ್ಯಾಪ್ತಿಗೇ ಬರುವುದಿಲ್ಲ. ಹೆಸರಿಗೆ ಪಂಚಾಯಿತಿ, ಗಲ್ಲಾ ಸಂಘದ ಕೈಯಲ್ಲಿ ಅಂತ ಮಾಡಿದರೆ ಮಾತ್ರ ಇದು ನಡೆಯುವುದಿಲ್ಲ. ದುಡ್ಡು ಪಂಚಾಯಿತಿ ಖಾತೆಗೇ ಹೋಗಬೇಕು.

ಪ್ರಶ್ನೆ: ನಾನು ಡೊಳ್ಳು ಕುಣಿತದ ಕಲಾವಿದ. ಮೇಳದಲ್ಲಿ 80 ಸಾವಿರಕ್ಕೆ ಕಾರ್ಯಕ್ರಮ ಒಪ್ಪಿದ್ದೇನೆ. ಸಮಿತಿಯವರು ಜಿಎಸ್‌ಟಿ ಬಿಲ್ ಕೇಳುತ್ತಿದ್ದಾರೆ.
— ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಬೇಕಿಲ್ಲ. ಜನಪದ ಅಥವಾ ಶಾಸ್ತ್ರೀಯ ಸಂಗೀತ, ನೃತ್ಯ, ರಂಗಕಲೆಯಲ್ಲಿ ಕಲಾವಿದರು ಕೊಡುವ ಕಾರ್ಯಕ್ರಮಕ್ಕೆ 1,50,000 ರೂ. ಒಳಗಿನ ಸಂಭಾವನೆ ಇದ್ದರೆ ವಿನಾಯಿತಿ. ಒಂದು ಸಾದಾ ಬಿಲ್ ಬರೆದು ಕೊಡಿ. ‘ಜನಪದ ನೃತ್ಯ ಪ್ರದರ್ಶನಕ್ಕೆ’ ಅಂತ ಸ್ಪಷ್ಟವಾಗಿ ಹಾಕಿ. ಯಾವುದೋ ಕಂಪನಿಯ ಪ್ರಚಾರ ರಾಯಭಾರಿಯಾಗಿ ಕುಣಿದರೆ ಈ ವಿನಾಯಿತಿ ಸಿಗುವುದಿಲ್ಲ. ಸಿನಿಮಾ ಹಾಡಿನ ಆರ್ಕೆಸ್ಟ್ರಾ ತಂಡಕ್ಕೂ ಇಲ್ಲ, ಅದು ಜನಪದವೂ ಅಲ್ಲ, ಶಾಸ್ತ್ರೀಯವೂ ಅಲ್ಲ. ಆ ತಂಡ ನೋಂದಣಿ ಮಾಡಿಸಿದ್ದರೆ ತನ್ನ ಸಂಭಾವನೆಗೆ ಶೇ 18 ಸೇರಿಸಿಯೇ ಬಿಲ್ ಕೊಡುತ್ತದೆ. ಶಾಮಿಯಾನ, ಮೈಕ್, ಲೈಟಿನ ಬಿಲ್ಲಿನಲ್ಲೂ ಅದೇ ಕಥೆ. ನೋಂದಣಿ ಇಲ್ಲದ ಸಮಿತಿಗೆ ಆ ದುಡ್ಡು ವಾಪಸ್ ಸಿಗುವುದಿಲ್ಲ, ಮೇಳದ ಖರ್ಚಿಗೇ ಸೇರುತ್ತದೆ. ಬಹುಶಃ ಇಂಥ ಬಿಲ್ ನೋಡಿ ನೋಡಿ ನಿಮ್ಮ ಹತ್ತಿರವೂ ಕೇಳಿರಬೇಕು.

ಪ್ರಶ್ನೆ: ಮೇಳದಲ್ಲಿ ದನಗಳ ಮಾರಾಟ, ಎತ್ತಿನ ಗಾಡಿ ಓಟ ಎರಡೂ ಇವೆ. ಏನಾದರೂ ತೆರಿಗೆ?
— ಓದುಗರು, ವಿಜಯಪುರ ಜಿಲ್ಲೆ

ಉತ್ತರ: ದನ, ಎತ್ತು ಮಾರಿದರೆ ಜಿಎಸ್‌ಟಿ ಇಲ್ಲ. ಮಾರಾಟಕ್ಕೆ ತಂದ ದನದ ನೋಂದಣಿಗೆ ಪಂಚಾಯಿತಿ ಶುಲ್ಕ ತೆಗೆದುಕೊಳ್ಳಬಹುದು. ಗಾಡಿ ಓಟ ನೋಡಲು 500 ರೂ. ಒಳಗಿನ ಟಿಕೆಟ್ ಇಟ್ಟರೆ ಕುಸ್ತಿಗೆ ಹೇಳಿದ್ದೇ ಇದಕ್ಕೂ. ಓಟ ನಡೆಸುವುದಕ್ಕೆ ಪ್ರಾಣಿಹಿಂಸೆ ತಡೆ ಕಾಯ್ದೆಗೆ ಕರ್ನಾಟಕ 2017ರಲ್ಲಿ ಮಾಡಿದ ತಿದ್ದುಪಡಿಯ ಆಸರೆ ಇದೆ. ಸುಪ್ರೀಂ ಕೋರ್ಟ್ 2023ರ ಮೇ 18ರಂದು ಅದನ್ನು ಎತ್ತಿಹಿಡಿದಿದೆ. ಪ್ರಾಣಿಗೆ ಹಿಂಸೆ ಆಗದಂತೆ ಹಾಕಿರುವ ಷರತ್ತುಗಳನ್ನು ಪಾಲಿಸಬೇಕು. ಗೆರೆಯಾಚೆ ನಿಂತು ಯಾವ ಜೋಡಿ ಗೆಲ್ಲುತ್ತದೆ ಅಂತ ಬಾಜಿ ಕಟ್ಟುವವರ ಪ್ರಶ್ನೆಯನ್ನು ಮಾತ್ರ ನನಗೆ ಕಳಿಸಬೇಡಿ. ಅದು ತೆರಿಗೆ ಸಲಹೆಗಾರನ ಕೆಲಸ ಅಲ್ಲ, ಪೊಲೀಸ್ ಠಾಣೆಯದು.