ತಂಗಿಯನ್ನು ವಾಪಸು ಕಳುಹಿಸುವ ಮೊದಲು ನನ್ನ ಮಗನ ಮದುವೆಯ ಆಲ್ಬಮ್ಮಿನ ವಿಷಯ ಕೇಳಿ

ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ತವರಿಗೆ ಬಂದಿರುವ ತಂಗಿಗೆ ಬುದ್ಧಿ ಹೇಳಿ, ಮುಂದಿನ ತಿಂಗಳ ನಿಮ್ಮ ಗೃಹಪ್ರವೇಶಕ್ಕೆ ಮುಂಚೆ ಗಂಡನ ಮನೆಗೆ ಕಳುಹಿಸುವುದು ಹೇಗೆ ಎಂದು ಕೇಳಿದ್ದೀರಿ. ಅಜ್ಜಿಯಂದಿರ ಕಾಲದಲ್ಲಿ ಇಲ್ಲದ ವಿಚ್ಛೇದನ ಈ ತಲೆಮಾರಿನವರಿಗೆ ಏಕೆ ಇಷ್ಟು ಸಲೀಸಾಯಿತು ಎಂಬ ಪ್ರಶ್ನೆಯನ್ನೂ ಸೇರಿಸಿದ್ದೀರಿ. ಸುಮಾರು ಹತ್ತು ವರ್ಷಗಳ ಹಿಂದೆ ನಾನೂ ಇವೇ ಮಾತುಗಳನ್ನು ಆಡುತ್ತಿದ್ದೆ.

ನನ್ನ ತಂಗಿಯ ಮಗಳು 2014ರ ಅಕ್ಟೋಬರಿನಲ್ಲಿ, ದೀಪಾವಳಿ ಕಳೆದ ಮರುವಾರ, ಒಂದು ಬ್ಯಾಗು ಹಿಡಿದುಕೊಂಡು ಕಾಪುವಿನ ನಮ್ಮ ಮನೆಗೆ ಬಂದಳು. ಅವಳಿಗೆ ತಂದೆ ಇಲ್ಲ. ಓದಿಸಿದವನೂ, ಗಂಡು ನೋಡಿದವನೂ, ಧಾರೆಯ ಖರ್ಚು ಹೊತ್ತವನೂ ಅವಳ ತಮ್ಮಲೆಯಾದ, ಎಂದರೆ ಸೋದರಮಾವನಾದ ನಾನೇ. ಗಂಡನ ಮನೆಯಲ್ಲಿ ಏನಾಗಿತ್ತು ಎಂಬುದರ ವಿವರ ಇಲ್ಲಿ ಬೇಡ. ಅವಳ ಸಂಬಳದ ಎ.ಟಿ.ಎಂ. ಕಾರ್ಡು ಅವನ ಕಿಸೆಯಲ್ಲಿರುತ್ತಿತ್ತು, ಅವನು ಎರಡು ಸಲ ಕೈ ಎತ್ತಿದ್ದ ಎಂದರೆ ಸಾಕು. ಆಗ ನಾನು ಅವಳಿಗೆ ಹೇಳಿದ ಮಾತು ಇದು: “ಅಜ್ಜಿಯಂದಿರ ಕಾಲದಲ್ಲಿ ಇಂಥದ್ದೆಲ್ಲ ಇರಲಿಲ್ಲ ಮಗಾ, ಹೊಂದಿಕೊಂಡು ಹೋಗುತ್ತಿದ್ದರು.”

ಅದು ಸುಳ್ಳು, ಮತ್ತು ಸುಳ್ಳೆಂಬುದು ನನಗೆ ಗೊತ್ತಿತ್ತು. ಇಪ್ಪತ್ತರ ಹರೆಯದಲ್ಲಿ, ಕುಟುಂಬದ ಆಸ್ತಿ ಪಾಲಾಗುವ ಸಮಯಕ್ಕೆ, ವಂಶವೃಕ್ಷವನ್ನು ಶುದ್ಧಪ್ರತಿ ಮಾಡಿದವನು ನಾನೇ. ನಮ್ಮದು ಅಳಿಯಸಂತಾನ ಕಟ್ಟಿನ, ಎಂದರೆ ವಂಶವೂ ಆಸ್ತಿಯೂ ತಾಯಿಯ ಕಡೆಯಿಂದ ಇಳಿಯುವ ಮನೆಯಾದ್ದರಿಂದ ಆ ಹಾಳೆಯಲ್ಲಿ ಹೆಂಗಸರಿಂದಲೇ ಕವಲುಗಳು ಇಳಿಯುತ್ತವೆ, ಒಂದೊಂದು ಕವಲಿಗೂ ಕವರು ಎಂದು ಹೆಸರು, ಗಂಡಂದಿರ ಹೆಸರಿಗೆ ಅಲ್ಲಿ ಜಾಗವೇ ಇರುವುದಿಲ್ಲ. ನನ್ನ ಅಜ್ಜಿಯ ಹೆಸರಿನ ಕೆಳಗೆ ಐದು ಮಕ್ಕಳನ್ನು ಬರೆಯುವಾಗ ಪಕ್ಕದಲ್ಲಿ ಕೂತಿದ್ದ ನನ್ನ ತಾಯಿ, ಮೊದಲನೆಯವನು ಮೂಡಬಿದಿರೆ ಕಡೆಯ ಗಂಡನಿಗೆ ಹುಟ್ಟಿದವನು, ಉಳಿದ ನಾಲ್ವರು ನಿನ್ನ ಅಜ್ಜನ ಮಕ್ಕಳು ಎಂದು ಅಕ್ಕಿ ಆರಿಸುತ್ತಲೇ ಹೇಳಿದರು. ಅಜ್ಜಿ ಮೊದಲ ಗಂಡನ ಮನೆಯಲ್ಲಿ ಇದ್ದದ್ದು ಎರಡೇ ಮಳೆಗಾಲ. ಮಗುವನ್ನು ಎತ್ತಿಕೊಂಡು ಬಂದರು, ಅವರ ಅಣ್ಣ ಆಳು ಕಳುಹಿಸಿ ಪಾತ್ರೆ, ಪೆಟ್ಟಿಗೆಗಳನ್ನು ತರಿಸಿಕೊಂಡರು, ಮೂರು ವರ್ಷದ ಮೇಲೆ ಇನ್ನೊಂದು ಮದುವೆಯಾಯಿತು. ನನ್ನ ದೊಡ್ಡ ಮಾವನೂ ನನ್ನ ತಾಯಿಯೂ ಒಂದೇ ಬರಿಯವರಾಗಿ, ಎಂದರೆ ತಾಯಿಯಿಂದ ಬರುವ ಒಂದೇ ಕುಲದವರಾಗಿ, ಕೂಡುಮನೆಯ ಒಂದೇ ಚಾವಡಿಯಲ್ಲಿ ಬೆಳೆದರು. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರಾದ್ದರಿಂದ ತಂದೆ ಯಾರೆಂಬುದು ಊಟದ ಎಲೆಯ ಮುಂದೆ ಯಾವ ವ್ಯತ್ಯಾಸವನ್ನೂ ಮಾಡುತ್ತಿರಲಿಲ್ಲ.

ನೀವು ಯಾವ ಸಮುದಾಯದವರೆಂದು ಬರೆದಿಲ್ಲ. ಕರಾವಳಿಯಲ್ಲೇ ಮಕ್ಕಳಸಂತಾನದ, ಎಂದರೆ ತಂದೆಯಿಂದ ಮಕ್ಕಳಿಗೆ ಇಳಿಯುವ ಕಟ್ಟಿನ ಮನೆಗಳಲ್ಲಿ, ಅದರಲ್ಲೂ ಬ್ರಾಹ್ಮಣರಲ್ಲಿ, ಅಜ್ಜಿಯರಿಗೆ ಬಿಟ್ಟು ಬರುವ ದಾರಿ ನಿಜವಾಗಿಯೂ ಇರಲಿಲ್ಲ. ಗಂಡ ಬಿಟ್ಟವರು ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಮುದುಕಿಯರಾದರು, ಅದನ್ನು ಯಾರೂ ವಿಚ್ಛೇದನವೆಂದು ಕರೆಯಲಿಲ್ಲ, ಅಷ್ಟೆ. ಆದರೆ ಬಂಟರು, ಬಿಲ್ಲವರು, ಮೊಗವೀರರಲ್ಲಿ ಬಿಡುಗಡೆಯೂ ಮರುಮದುವೆಯೂ ರೂಢಿಯಲ್ಲಿದ್ದವು. 1955ರ ಹಿಂದೂ ವಿವಾಹ ಕಾಯ್ದೆ ಕೂಡ ತನ್ನ 29ನೆಯ ಕಲಮಿನಲ್ಲಿ ಇಂಥ ರೂಢಿಯ ಬಿಡುಗಡೆಯನ್ನು ಉಳಿಸಿಕೊಂಡಿದೆ. ಹಾಗೆಂದು ಹಳೆಯದನ್ನು ಹೊಗಳಲು ನಾನು ಕೂತಿಲ್ಲ. ಐತಿಹ್ಯದ ರಾಜ ಭೂತಾಳಪಾಂಡ್ಯನ ಕಟ್ಟೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಈ ಪದ್ಧತಿಯಲ್ಲಿ ಮನೆ ಹೆಂಗಸರದಾದರೂ ಬೀಗದ ಗೊಂಚಲು ಹೆಚ್ಚಾಗಿ ಕುಟುಂಬದ ಹಿರಿಯ ಗಂಡಸಾದ ಯಜಮಾನನ ಸೊಂಟದಲ್ಲಿರುತ್ತಿತ್ತು, ಗಂಡ ಸತ್ತರೆ ಅವನು ದುಡಿದದ್ದು ಅವನ ಅಕ್ಕತಂಗಿಯರ ಮಕ್ಕಳಿಗೆ ಹೋಗಿ ಹೆಂಡತಿ ಮಕ್ಕಳು ಬರಿಗೈಯಲ್ಲಿ ತವರಿಗೆ ಮರಳುತ್ತಿದ್ದರು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲಿಗೆ ದಾರಿ ಮಾಡಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದ ಹೆಂಡತಿ ಮಕ್ಕಳಿಗೆ ಹಕ್ಕು ಬಂತು, 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಗದ್ದೆಗಳು ಒಕ್ಕಲುಗಳ ಪಾಲಾದವು, ಗಂಡಸರು ಮುಂಬಯಿ ಮತ್ತು ಕೊಲ್ಲಿ ದೇಶಗಳಿಗೆ ಹೋದರು. ಇವೆಲ್ಲ ಆಗಬೇಕಾದದ್ದೇ. ಆದರೆ ಇವುಗಳ ನಡುವೆ ಅಜ್ಜಿ ಮಗುವನ್ನು ಎತ್ತಿಕೊಂಡು ಬಂದು ಹತ್ತಿದ ಚಾವಡಿ ಇಲ್ಲವಾಯಿತು. ಈಗ ಹಿಂದಿರುಗಿದ ಹುಡುಗಿ ಬಂದು ನಿಲ್ಲುವುದು ಅಣ್ಣನದೋ ಮಾವನದೋ ಎರಡು ಕೋಣೆಯ ಮನೆಯಲ್ಲಿ, ಅದೂ ಅವಳ ಮದುವೆಯ ಸಭಾಭವನಕ್ಕೆ, ಬಂಗಾರಕ್ಕೆ, ಕ್ಯಾಟರಿಂಗಿಗೆ ಮಾಡಿದ ಸಾಲ ಇನ್ನೂ ತೀರದಿರುವಾಗ. ಹಾಗಾಗಿ ಈ ತಲೆಮಾರಿಗೆ ತಾಳ್ಮೆ ಕಡಿಮೆ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಅಜ್ಜಿಗೆ ನಿಮ್ಮ ತಂಗಿಗಿಂತ ಹೆಚ್ಚಿನ ತಾಳ್ಮೆಯೇನೂ ಇರಲಿಲ್ಲ.

ಇನ್ನು ನನ್ನ ತಪ್ಪಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಮಾಡಹೊರಟಿರುವುದೂ ಅದನ್ನೇ.

ಮೊದಲ ಆರು ತಿಂಗಳ ಓಡಾಟದ ನಂತರ ಹುಡುಗನ ಕಡೆಯವರು ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ತಯಾರಾಗಿದ್ದರು. ಹಿಂದೂ ವಿವಾಹ ಕಾಯ್ದೆಗೆ 1976ರ ತಿದ್ದುಪಡಿಯಲ್ಲಿ ಸೇರಿದ 13–ಬಿ ಕಲಮಿನ ಪ್ರಕಾರ ಅಂಥ ಅರ್ಜಿ ಹಾಕಬೇಕಾದರೆ ಇಬ್ಬರೂ ಕನಿಷ್ಠ ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ನಮಗೆ ಏಳು ತಿಂಗಳಾಗಿತ್ತು, ಐದು ಉಳಿದಿದ್ದವು. ಅಷ್ಟರಲ್ಲಿ 2015ರ ಮೇ ತಿಂಗಳಲ್ಲಿ, ತುಳುನಾಡಿನ ಉತ್ಸವಗಳ ಋತು ಮುಗಿಯುವ ಪತ್ತನಾಜೆಗೆ ಹತ್ತು ದಿನ ಇರುವಾಗ, ನನ್ನ ಮಗನ ಮದುವೆ ನಿಶ್ಚಯವಾಯಿತು. ಮುಂಬಯಿಯಿಂದ ನೆಂಟರು ಬರುವವರಿದ್ದರು. ಸೋದರಸೊಸೆ ಒಂಟಿಯಾಗಿ ಓಡಾಡಿದರೆ ಏನು ಉತ್ತರ ಕೊಡುವುದೆಂಬ ಚಿಂತೆ ನನಗೆ ಹತ್ತಿತು. ಅವಳನ್ನು ಕೇಳದೆ ಹುಡುಗನ ತಂದೆಗೆ ಫೋನು ಮಾಡಿ, ಅವಳು ಒಂದಷ್ಟು ದಿನ ನಿಮ್ಮಲ್ಲಿಗೇ ಬರಲಿ, ಮದುವೆಗೆ ಇಬ್ಬರೂ ಒಂದೇ ಕಾರಿನಲ್ಲಿ ಬರಲಿ, ಆಮೇಲಿನದು ಆಮೇಲೆ ಎಂದು ಮಾತು ಮುಗಿಸಿದೆ. ಅವಳಿಗೆ ಹೇಳಿದ್ದು “ಮೂರೇ ವಾರ” ಎಂದು. ಅವಳು ಒಂದೇ ಷರತ್ತು ಹಾಕಿದಳು: “ಮದುವೆಯ ಮರುದಿನ ನೀವೇ ಬಂದು ಕರೆದುಕೊಂಡು ಬರಬೇಕು, ತಮ್ಮಲೆ.” ಆಗಲಿ ಎಂದೆ. ಮದುವೆ ಮುಗಿದ ಮೇಲೆ ಬೀಗರೂಟ, ಸಭಾಭವನದ ಲೆಕ್ಕ, ನೆಂಟರನ್ನು ರೈಲು ಹತ್ತಿಸುವುದು ಎನ್ನುತ್ತ ನಾನು ಹೋದದ್ದು ಏಳನೆಯ ದಿನಕ್ಕೆ. ಒಟ್ಟು ಇಪ್ಪತ್ತೇಳು ದಿನ ಅವಳು ಅಲ್ಲಿದ್ದಳು. ನಾನು ಹೋದಾಗ ಬ್ಯಾಗು ಜಗಲಿಯಲ್ಲಿ, ಚಪ್ಪಲಿ ಆಗಲೇ ಕಾಲಿನಲ್ಲಿ. ಮದುವೆಗೆಂದು ಹಾಕಿಕೊಂಡು ಹೋಗಿದ್ದ ಎರಡು ಸರ, ನಾಲ್ಕು ಬಳೆಗಳು ಆ ಮನೆಯ ಕಪಾಟಿನಲ್ಲೇ ಉಳಿದವು.

ಆ ಇಪ್ಪತ್ತೇಳು ದಿನಗಳ ಬೆಲೆಯನ್ನು, ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಕ್ಕ ನೋಡಿದ ನಾನು ಅಂದಾಜಿಸಿರಲಿಲ್ಲ. ವಕೀಲರು, ಗಂಡಹೆಂಡಿರಾಗಿ ಮತ್ತೆ ಒಟ್ಟಿಗಿದ್ದಿರಿ ಎಂದಾದ ಮೇಲೆ ವರ್ಷವನ್ನು ಮೊದಲಿನಿಂದ ಎಣಿಸಬೇಕು ಎಂದರು. ಅದನ್ನು ಮುಚ್ಚಿಟ್ಟು ಪ್ರಮಾಣಪತ್ರ ಹಾಕೋಣವೆಂದು ನಾನು ಸೂಚಿಸಿದಾಗ, ಸುಳ್ಳಿಗೆ ಸಹಿ ಹಾಕುವುದಿಲ್ಲವೆಂದು ಅವಳು ಎದ್ದು ಹೋದಳು. ಅಷ್ಟರಲ್ಲಿ ಆ ಕಡೆಯವರ ಮನಸ್ಸು ಬದಲಾಯಿತು. ತಾನಾಗಿ ಬಂದಿದ್ದಳು, ಚೆನ್ನಾಗಿದ್ದಳು, ಮಾವ ಕಿವಿಯೂದಿ ಕರೆದುಕೊಂಡು ಹೋದ ಎಂದು 9ನೆಯ ಕಲಮಿನಡಿ ಹೆಂಡತಿಯನ್ನು ಮರಳಿ ಕಳುಹಿಸಿಕೊಡಬೇಕೆಂದು ದಾವೆ ಹೂಡಿದರು. ನಾವು ಕ್ರೌರ್ಯದ ಕಾರಣ ಕೊಟ್ಟು ವಿಚ್ಛೇದನಕ್ಕೆ ಹೋದೆವು. ಆಗ 23ನೆಯ ಕಲಮು ಎದುರಾಯಿತು: ಕ್ರೌರ್ಯವನ್ನು ಹೆಂಡತಿಯೇ ಕ್ಷಮಿಸಿ ಒಟ್ಟಿಗೆ ಬಾಳಿದ್ದರೆ ಅದೇ ಕಾರಣಕ್ಕೆ ವಿಚ್ಛೇದನ ಸಿಗುವುದಿಲ್ಲ. ಕ್ಷಮಿಸಿದ್ದಕ್ಕೆ ಸಾಕ್ಷಿಯಾಗಿ ಅವರು ಹಾಜರುಪಡಿಸಿದ್ದು ನನ್ನ ಮಗನ ಮದುವೆಯ ಆಲ್ಬಮ್ಮಿನ ಒಂದು ಫೋಟೋ. ವೇದಿಕೆಯ ಮೇಲೆ ಅವಳು, ಅವಳ ಗಂಡ, ಇಬ್ಬರ ಹೆಗಲ ಮೇಲೂ ಕೈಯಿಟ್ಟು ನಗುತ್ತಿರುವ ನಾನು. ಅದನ್ನು ನೋಡಿ ಇದು ನೀವೇ ತಾನೆ ಎಂದು ಎದುರು ವಕೀಲರು ಕೇಳಿದಾಗ ಹೌದೆಂದು ಹೇಳಬೇಕಾಯಿತು.

ಐದು ತಿಂಗಳಲ್ಲಿ ಹಾಕಬಹುದಾಗಿದ್ದ ಅರ್ಜಿ ಬಿದ್ದದ್ದು 2019ರಲ್ಲಿ, ಮಧ್ಯಸ್ಥಿಕೆಯ ನಂತರ. ಅರ್ಜಿ ಹಾಕಿದ ಮೇಲಿನ ಆರು ತಿಂಗಳ ಕಾಯುವಿಕೆಯನ್ನು ತಕ್ಕ ಪ್ರಕರಣಗಳಲ್ಲಿ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದ್ದರಿಂದ ಕೊನೆಯ ಹಂತವಾದರೂ ಬೇಗ ಮುಗಿಯಿತು. ವಾಯಿದೆಗಳ ನಡುವೆ ಬೆಂಗಳೂರಿನ ಒಂದು ಕೆಲಸ ಅವಳ ಕೈತಪ್ಪಿತು. ಈಗ ಮಣಿಪಾಲದಲ್ಲಿ ದುಡಿಯುತ್ತಾಳೆ, ಬಾಡಿಗೆ ಮನೆಯಲ್ಲಿದ್ದಾಳೆ. ಹಬ್ಬಕ್ಕೆ, ನಾಗನಿಗೆ ಸಲ್ಲಿಸುವ ತಂಬಿಲದ ಪೂಜೆಗೆ ನಮ್ಮಲ್ಲಿಗೆ ಬಂದರೆ ಬ್ಯಾಗು ಇವತ್ತಿಗೂ ಜಗಲಿಯ ಬೆಂಚಿನ ಮೇಲೆಯೇ ಇರುತ್ತದೆ, ಒಳಗಿನ ಕೋಣೆಗೆ ಹೋಗುವುದಿಲ್ಲ.

ಆದ್ದರಿಂದ ಬುದ್ಧಿ ಹೇಳುವ ಯೋಚನೆಯನ್ನು ಬಿಡಿ. ತಂಗಿ ಬಂದ ತಾರೀಕನ್ನು ಬರೆದಿಟ್ಟುಕೊಳ್ಳಿ. ಅವಳು ಕೋಣೆಯಲ್ಲಿಲ್ಲದಾಗ ಅವಳ ವಿಷಯದಲ್ಲಿ ಯಾರೊಂದಿಗೂ ಪಂಚಾಯಿತಿಗೆ ಕೂರಬೇಡಿ. ಹಿರಿಯರ ಬಳಿ ಹೋಗುವ ಮೊದಲು ವಕೀಲರ ಬಳಿ ಹೋಗಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಅವಳಿಗೇ ಹೋಗಬೇಕೆನಿಸಿದರೆ ಹೋಗುತ್ತಾಳೆ, ಬಸ್ಸಿನ ಟಿಕೆಟು ನೀವು ತೆಗೆಯುವುದು ಬೇಡ.

ಗೃಹಪ್ರವೇಶಕ್ಕೆ ಬಾವ ಬರದಿದ್ದರೆ ಜನ ಏನೆನ್ನುತ್ತಾರೆ ಎಂದೂ ಕೇಳಿದ್ದೀರಿ. ನನ್ನ ಮಗನ ಮದುವೆಗೆ ಸುಮಾರು ಒಂಬೈನೂರು ಜನ ಬಂದಿದ್ದರು. ನಾನು ಹೆದರಿದ್ದ ಮುಂಬಯಿಯ ನೆಂಟರಲ್ಲಿ ಅವಳ ಬಗ್ಗೆ ನನ್ನನ್ನು ವಿಚಾರಿಸಿದವರು ಒಬ್ಬರೇ, ನನ್ನ ತಾಯಿಯ ಚಿಕ್ಕಮ್ಮನ ಮಗಳು. ಅವರು ಕೇಳಿದ್ದು, ಹುಡುಗಿ ಯಾಕೆ ಇಷ್ಟು ಬಡವಾಗಿದ್ದಾಳೆ, ಊಟ ಮಾಡಿದಳಾ ಎಂದು.